ಕೆಂಪು ನೂಲಿನ ಅಳತೆ

ಮನೆ ಯಾರಿಗೆ ಬೇಕಾಗಿತ್ತೋ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮನೆ ನೋಡಲು ಹೋದರು. ಹೋಗಿ, ನೋಡಿ, ಸಕ್ಕರೆ ತಿಂದು, ಒಪ್ಪಿಕೊಂಡು ಬಂದರು. ಆ ಒಬ್ಬಳು ನಾನು. ಈಗ ಮೊಮ್ಮಕ್ಕಳ ಮುಂದೆ ಇದನ್ನು ನಗುತ್ತಲೇ ಹೇಳುತ್ತೇನೆ, ಅವರೂ ನಗುತ್ತಾರೆ. ಆದರೆ ಆ ದಿನ ನವಲಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಜೀಪು ಎಬ್ಬಿಸಿದ ಧೂಳನ್ನು ನೋಡುತ್ತಿದ್ದಾಗ ನನಗೆ ನಗು ಬಂದಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡ ಸರಕಾರಿ ಕಚೇರಿಯೊಂದರಲ್ಲಿ ಸಿಪಾಯಿ. ಕಲಘಟಗಿಗೆ ಬದಲಿಯಾಗಿ ವರ್ಷವಾಗುತ್ತ ಬಂದಿತ್ತು. ಅಲ್ಲಿ ಇನ್ನಿಬ್ಬರ ಜೊತೆ ಒಂದು ಖೋಲಿಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದರು. ನಮ್ಮ ಮಗ ಇನ್ನೂ ಸಣ್ಣವನು. ಇವರು ಬಂದ ಕೂಡಲೇ ಗುರುತು ಸಿಗದೆ ಅಜ್ಜಿಯ ಸೆರಗು ಹಿಡಿಯುತ್ತಿದ್ದ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಪ್ಪನ ತೊಡೆ ಏರುತ್ತಿದ್ದ. ಅಷ್ಟರಲ್ಲಿ ಸೋಮವಾರ ಬಂದುಬಿಡುತ್ತಿತ್ತು. ಇದರ ಮೇಲೆ ಮೈದುನನ ಮದುವೆ ಗೊತ್ತಾಯಿತು. ಇದ್ದದ್ದು ಒಂದು ಒಳಕೋಣೆ, ಒಂದು ಅಡುಗೆಮನೆ, ಒಂದು ಪಡಸಾಲೆ. ಹೊಸ ಸೊಸೆ ಬಂದರೆ ನಾವೆಲ್ಲಿ ಮಲಗುವುದು? ಕಲಘಟಗಿಯಲ್ಲಿ ಒಂದು ಬಾಡಿಗೆ ಮನೆ ಇದೆಯಂತೆ, ಎಲ್ಲರೂ ಹೋಗಿ ನೋಡಿಕೊಂಡು ಬರೋಣ ಎಂದು ಇವರು ಒಂದು ಶನಿವಾರ ಊಟಕ್ಕೆ ಕೂತಾಗ ಹೇಳಿದರು. ಮನೆಯಲ್ಲಿ ನಾವು ಆಡುತ್ತಿದ್ದುದು ಅರ್ಧ ಉರ್ದು, ಅರ್ಧ ಕನ್ನಡ. ಬರೆಯುವಾಗ ಎಲ್ಲವನ್ನೂ ಕನ್ನಡಕ್ಕೇ ತಂದಿದ್ದೇನೆ.

ಪಡಸಾಲೆಯ ಅರ್ಧ ಜಾಗ ಮಗ್ಗದ್ದು. ಜಮಖಾನೆ ನೇಯುವ ಮಗ್ಗ ಸೀರೆ ಮಗ್ಗದಂತೆ ನೆಲಕ್ಕೆ ಮಲಗಿರುವುದಿಲ್ಲ, ಗೋಡೆಯಂತೆ ನಿಂತಿರುತ್ತದೆ. ಎರಡು ಕಂಬ, ಮೇಲೊಂದು ಕೆಳಗೊಂದು ದಪ್ಪ ಮರ, ಅವುಗಳ ನಡುವೆ ಬಿಗಿದ ಉದ್ದೆಳೆಗಳ ಹಾಸು. ಕಂಬಗಳ ತಲೆಯನ್ನು ಮನೆಯ ತೊಲೆಗೆ ಹಗ್ಗದಿಂದ ಬಿಗಿಯಬೇಕು. ಮುಂದೆ ಒಂದು ಹಲಗೆ, ಅದರ ಮೇಲೆ ನಾವು ಇಬ್ಬರು, ಅತ್ತೆ ಎಡಕ್ಕೆ, ನಾನು ಬಲಕ್ಕೆ. ಕಬ್ಬಿಣದ ಹಲ್ಲಿನ ಪಂಜಾದಿಂದ ನೂಲನ್ನು ಬಡಿದು ಬಡಿದು ಕೂರಿಸುವ ಸದ್ದೇ ನಮ್ಮ ಮನೆಯ ಗಡಿಯಾರ. ಸದ್ದು ನಿಂತರೆ ಪಕ್ಕದ ಮನೆಯವರು ಏನಾಯಿತು ಎಂದು ಇಣುಕುತ್ತಿದ್ದರು.

ನಾನು ಅಣ್ಣಿಗೇರಿಯ ಹುಡುಗಿ. ಮದುವೆಯಾಗಿ ಬರುವ ಮೊದಲು ಜಮಖಾನೆ ಎಂದರೆ ಹಾಸಿಕೊಂಡು ಕೂರುವುದು ಎಂದಷ್ಟೇ ಗೊತ್ತಿತ್ತು. ಇಲ್ಲಿಯ ನೇಕಾರರ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಈ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ, ಸೊಸೆಯಂದಿರಿಗೆ ಕಲಿಸುತ್ತಾರೆ. ಮಗಳು ಮದುವೆಯಾಗಿ ಹೊರಗೆ ಹೋಗುವವಳು, ಅವಳ ಕೈಯಲ್ಲಿ ವಿದ್ಯೆಯೂ ಊರು ಬಿಟ್ಟು ಹೋಗುತ್ತದೆ. ಸೊಸೆ ಬರುವವಳು, ಬಂದು ಇಲ್ಲೇ ಇರುವವಳು. ನನ್ನ ದೊಡ್ಡ ನಾದಿನಿ, ಶಲವಡಿಗೆ ಕೊಟ್ಟವಳು, ಆ ಪಡಸಾಲೆಯಲ್ಲೇ ಹುಟ್ಟಿ ಬೆಳೆದವಳು. ಹೊಸ ನಕ್ಷೆ ಶುರು ಮಾಡುವಾಗ ಅವಳನ್ನು ನೀರಿಗೋ ಕಟ್ಟಿಗೆಗೋ ಹೊರಗೆ ಕಳಿಸುತ್ತಿದ್ದರಂತೆ. ತವರಿಗೆ ಬಂದಾಗ ಈಗಲೂ ಅವಳು ಮಗ್ಗಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಯಾರೂ ಹಾಗೆ ಕೂರು ಎನ್ನುತ್ತಿರಲಿಲ್ಲ, ರೂಢಿಯಾಗಿಬಿಟ್ಟಿತ್ತು.

ನನಗೆ ಮಾತ್ರ ಅತ್ತೆ ಏನನ್ನೂ ಮುಚ್ಚಿಡಲಿಲ್ಲ. ಮೊದಲ ವರ್ಷ ಬರಿ ಬಡಿಯುವುದು, ಆಮೇಲೆ ಅಂಚು, ಆಮೇಲೆ ಪಗಡೆ ಹಾಸಿನ ಚೌಕ, ಕೊನೆಗೆ ನವಿಲು. ತಪ್ಪಿದರೆ ಪಂಜಾದ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಪೆಟ್ಟು. ನವಿಲಿನ ಕತ್ತು ನನ್ನ ಕೈಯಲ್ಲಿ ಮೊದಲ ಸಲ ಸರಿಯಾಗಿ ಬಾಗಿದ ದಿನ ಅವರು ಊಟಕ್ಕೆ ಕೂತಾಗ ತಮ್ಮ ತಟ್ಟೆಯ ಹೋಳಿಗೆಯನ್ನು ಮುರಿದು ನನ್ನ ತಟ್ಟೆಗೆ ಹಾಕಿದರು. ಅಷ್ಟು ಸಾಕಾಗಿತ್ತು. ನನಗೆ ಆ ಕೆಲಸದ ಹುಚ್ಚು ಹಿಡಿಯಿತು. ಗಂಡನ ಜೊತೆ ಇರಬೇಕು, ಮಗನಿಗೆ ಅಪ್ಪ ಬೇಕು, ನಿಜ. ಆದರೆ ಮಗ್ಗವಿಲ್ಲದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಯಾರು? ಆ ಪ್ರಶ್ನೆಯನ್ನು ಯಾರ ಮುಂದೆಯೂ ಕೇಳುವಂತಿರಲಿಲ್ಲ. ಕೇಳಿದ್ದರೆ ಸೊಸೆಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಅದಕ್ಕೇ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೆಂಪು ನೂಲಿನ ಒಂದು ಎಳೆ ತೆಗೆದು, ಅದರ ತುದಿಯನ್ನು ಮಗ್ಗದ ಕಂಬದ ತಲೆಗೆ ಹಿಡಿದು ನೆಲದವರೆಗೆ ಇಳಿಬಿಟ್ಟು, ನೆಲ ಮುಟ್ಟಿದಲ್ಲಿ ಗಂಟು ಹಾಕಿದೆ. ಹೊಸ ಮನೆಯ ತೊಲೆಯಿಂದ ಈ ನೂಲನ್ನು ಇಳಿಬಿಟ್ಟರೆ ಗಂಟು ನೆಲಕ್ಕೆ ಮುಟ್ಟಬೇಕು, ಇಲ್ಲವೇ ನೆಲದಿಂದ ಮೇಲೆ ಉಳಿಯಬೇಕು. ಹಾಗಾದರೆ ಮಗ್ಗ ನಿಲ್ಲುತ್ತದೆ. ನೂಲನ್ನು ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡೆ. ನಾನೇ ಹೋಗಿ, ನಾನೇ ಅಳೆದು, ಹಿಡಿಸುತ್ತದೆ ಎಂದು ಖಾತ್ರಿಯಾದ ಮೇಲೆ ಅತ್ತೆಯ ಕಾಲು ಹಿಡಿದು ಮಗ್ಗ ಕೇಳುವುದೆಂದು ನನ್ನ ಲೆಕ್ಕ.

ಹೋಗುವುದು ಹೇಗೆ ಎಂಬುದಕ್ಕೆ ಮೈದುನ ದಾರಿ ಹುಡುಕಿದ. ಅವನು ಹತ್ತಿಯ ಕಾಳು ಬಿಡಿಸುವ ಜಿನ್ನಿನ ಸಾಹುಕಾರರ ಜೀಪು ನಡೆಸುತ್ತಿದ್ದ. ಹೊಲದಲ್ಲಿ ಹತ್ತಿ ಇನ್ನೂ ಒಡೆದಿರಲಿಲ್ಲ, ಜಿನ್ನು ನಿಂತಿತ್ತು, ಜೀಪೂ ನಿಂತಿತ್ತು.

"ಭಾಭಿ, ಸಾಹುಕಾರ್ರು ಹೂಂ ಅಂದಾರ. ಒಂದ ಐತವಾರ ಬೇಕಾದ್ರ ತಗೊಂಡ ಹೋಗು ಅಂದ್ರು. ದೀಪ ಹಚ್ಚೂದ್ರೊಳಗ ತಂದ ನಿಂದರಸಬೇಕಂತ," ಎಂದ.

ಆ ಹೊತ್ತಿಗೆ ನಾವು ಐದು ಜನ. ಮೈದುನ, ಇವರು, ನಾನು, ಮಗ, ಅತ್ತೆ. ಜೀಪಿನಲ್ಲಿ ಕಾಲು ಚಾಚಿಕೊಂಡು ಹೋಗಬಹುದಿತ್ತು. ನಾನು ಬುತ್ತಿಗೆ ಏನೇನು ಎಂದು ಯೋಚಿಸತೊಡಗಿದೆ.

ಗೋಡೆಗೆ ಕಿವಿ ಇರುತ್ತದೋ ಇಲ್ಲವೋ, ಪಕ್ಕದ ಮನೆಯ ಕಾಕಾನಿಗಂತೂ ಇತ್ತು. ಅವರು ನಮ್ಮ ಮಾವನ ಗೆಳೆಯರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಯಾವ ದೊಡ್ಡ ಮಾತೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಮರುದಿನವೇ ಬಂದು ಕಟ್ಟೆಯ ಮೇಲೆ ಕೂತರು.

"ಮನಿ ನೋಡೂದಂದ್ರ ಹುಡುಗಾಟ ಅಲ್ಲೋ ತಮ್ಮಾ. ಗ್ವಾಡಿ ನೋಡತೀರಿ, ಬಾಗಲಾ ನೋಡತೀರಿ, ನೀರ ಯಾರ ನೋಡವ್ರು? ಒಂದ ಹಿಡಿ ತೊಗರಿಬ್ಯಾಳಿ ಒಯ್ಯೂಣು. ಆ ಬಾವಿ ನೀರಾಗ ಕುದಿಸಿ ನೋಡೂಣು. ಬ್ಯಾಳಿ ಕರಗಿತಂದ್ರ ಮನಿ ಹಿಡಿ, ಕಲ್ಲಿನಂಗ ಉಳೀತಂದ್ರ ವಾಪಸ್ ಬಾ."

ಅವರ ಮಾತು ತಪ್ಪಲ್ಲ. ನಮ್ಮೂರಿನ ಬಾವಿಗಳೆಲ್ಲ ಸವಳು, ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಕೆರೆಯ ನೀರು ಹೊತ್ತು ತಂದೇ ಅಡುಗೆ. ಕಾಕಾ ಬರುವುದೆಂದಾಯಿತು. ಹಿರಿಯರು, ಮುಂದಿನ ಸೀಟು ಅವರಿಗೆ. ಅವರ ಬುತ್ತಿ ಅವರ ಮನೆಯಿಂದಲೇ ಬರುತ್ತದೆ, ಅದು ಯಾವಾಗಲೂ ಹಾಗೆ.

ಗೊತ್ತು ಮಾಡಿದ ಭಾನುವಾರ ಅಮಾವಾಸ್ಯೆ ಬಂತು. ಅಮಾವಾಸ್ಯೆ ದಿನ ಹೊಸ ಮನೆಯ ಹೊಸ್ತಿಲು ತುಳಿಯಬಾರದೆಂದು ಕಾಕಾ ಹೇಳಿದರು. ಅತ್ತೆಯೂ ಹೌದು ಹೌದು ಎಂದರು. ನಮಗೆ ಅಮಾವಾಸ್ಯೆ ಏನು ಲೆಕ್ಕ ಎಂದು ಇವರು ಗೊಣಗಿದರೂ ಸಾಹುಕಾರರೇ ಆ ದಿನ ಗಾಡಿ ಹೊರಗೆ ಬಿಡುವುದಿಲ್ಲವೆಂದ ಮೇಲೆ ಮಾತು ಮುಗಿಯಿತು. ಆ ಒಂದು ವಾರದ ತಡೆಯಲ್ಲಿ ಸುದ್ದಿ ಶಲವಡಿಗೆ ಮುಟ್ಟಿತು. ಶನಿವಾರ ಸಂಜೆ ಇವರು ಬರುವ ಮೊದಲೇ ನಾದಿನಿ ಗಂಟು ಕಟ್ಟಿಕೊಂಡು ಬಂದು ಇಳಿದಳು.

"ನನ್ನ ತಮ್ಮ ಮನಿ ಹಿಡೀತಾನ, ನನಗ ಒಂದ ಮಾತ ಹೇಳಬೇಕೋ ಬ್ಯಾಡೋ?" ಎಂದು ನನ್ನನ್ನೇ ಕೇಳಿದಳು, ನಾನೇ ಮುಚ್ಚಿಟ್ಟವಳಂತೆ. "ಹಿತ್ತಲಾ ಹ್ಯಾಂಗೈತಿ, ಬಚ್ಚಲಾ ಎಲ್ಲೈತಿ, ಗಂಡಸರಿಗೇನ ತಿಳೀತದ? ನಾ ಬರತೇನಿ."

"ಬರ್ರಿ ಆಪಾ," ಎಂದೆ. ಬೇಡ ಎನ್ನಲು ನನಗೆ ಯಾವ ಬಾಯಿ?

ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಪರೀಕ್ಷೆ ಇಟ್ಟುಕೊಂಡು ಸಿದ್ಧವಾದರು. ಕಾಕಾನಿಗೆ ನೀರು, ನಾದಿನಿಗೆ ಹಿತ್ತಲು, ಮೈದುನನಿಗೆ ಮನೆಯ ಬಾಗಿಲವರೆಗೆ ಗಾಡಿ ಹೋಗುತ್ತದೋ ಇಲ್ಲವೋ ಎಂಬುದು, ಇವರಿಗೆ ಕಚೇರಿಯ ದೂರ. ನನ್ನ ಪರೀಕ್ಷೆ ಕುಪ್ಪಸದೊಳಗೆ ಸುತ್ತಿಕೊಂಡು ಕೂತಿತ್ತು. ಎಲ್ಲರೂ ಪಡಸಾಲೆಯಲ್ಲಿ ಕೂತು ಹುಬ್ಬಳ್ಳಿಯಲ್ಲಿ ಎಲ್ಲಿ ಚಹಾ ಕುಡಿಯುವುದು, ಬುತ್ತಿ ಎಲ್ಲಿ ಬಿಚ್ಚುವುದು ಎಂದು ವಾದಿಸುತ್ತಿದ್ದರೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬದನೆ, ಮಗನಿಗೆ ಮೊಸರನ್ನ. ಅಷ್ಟು ಖುಷಿಯಿಂದ ನಾನು ಯಾವ ಹಬ್ಬಕ್ಕೂ ಅಡುಗೆ ಮಾಡಿದ್ದಿಲ್ಲ. ನನ್ನ ಮದುವೆಯಾದ ಮೇಲೆ ಅಣ್ಣಿಗೇರಿ ಬಿಟ್ಟು ಬೇರೆ ಊರಿಗೆ ನಾನು ಹೋದದ್ದೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಜೀಪು ಬಂತು. ಬಂದ ಜೀಪಿನಲ್ಲಿ ಆಗಲೇ ಒಬ್ಬರು ಮಲಗಿದ್ದರು. ಹತ್ತಿರ ಹೋಗಿ ನೋಡಿದರೆ ಜಿನ್ನಿನ ಒಂದು ರೋಲರ್, ಗೋಣಿತಟ್ಟು ಸುತ್ತಿಕೊಂಡು ಹಿಂದಿನ ಒಂದು ಸೀಟಿನ ಉದ್ದಕ್ಕೂ ಬಿದ್ದುಕೊಂಡಿತ್ತು.

"ಹೆಂಗಿದ್ರೂ ಹುಬ್ಬಳ್ಳಿ ಮ್ಯಾಲ ಹೊಂಟೀಯಲ್ಲ, ರಿಪೇರಿಗೆ ಕೊಟ್ಟ ಹೋಗು ಅಂದ್ರು ಭಾಭಿ. ಇಲ್ಲಾ ಅನ್ನಾಕ ಹ್ಯಾಂಗ ಬರತದ?" ಎಂದು ಮೈದುನ ತಲೆ ಕೆರೆದುಕೊಂಡ.

ಅವನದೇನೂ ತಪ್ಪಿಲ್ಲ. ಸಾಹುಕಾರರದೂ ಇಲ್ಲ. ಯಾರದೂ ತಪ್ಪಿಲ್ಲದೆ ನಡೆದದ್ದರ ಮೇಲೆ ಸಿಟ್ಟು ಮಾಡುವುದು ಹೇಗೆಂದು ನನಗೆ ಈಗಲೂ ತಿಳಿದಿಲ್ಲ. ಕಾಕಾ ಮುಂದೆ ಕೂತರು. ಅತ್ತೆಯನ್ನು ಕೈ ಹಿಡಿದು ಹತ್ತಿಸಿದರು. ನಾದಿನಿ ಮೊಣಕಾಲು ನೋವಿನವಳು, ಅವಳಿಗೆ ಕಾಲು ಚಾಚಲು ಜಾಗ ಬೇಕು. ಇವರು ಹತ್ತಿದರು, ಮಗ ಇವರ ತೊಡೆಯ ಮೇಲೆ. ಬುತ್ತಿಯ ಬುಟ್ಟಿ, ನೀರಿನ ಕೊಡಪಾನ, ಬೇಳೆ ಕುದಿಸುವ ಬೋಗುಣಿ. ನಾನು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟು ನಿಂತೇ ಇದ್ದೆ.

ಇವರು ಒಳಗೆ ನೋಡಿದರು, ನನ್ನನ್ನು ನೋಡಿದರು. "ನೀ ಇರು. ನಾವೆಲ್ಲಾ ನೋಡಕೊಂಡ ಬರತೇವಲ್ಲ. ನಿನಗೇನ ನೋಡಬೇಕ ಹೇಳು, ನಾ ನೋಡತೇನಿ."

ಕಣ್ಣು ತುಂಬಿ ಬಂತು. ಕಾಕಾನ ಮುಂದೆ, ನಾದಿನಿಯ ಮುಂದೆ ಅಳುವುದೇ? ತಿರುಗಿ ನಿಂತು ನೂಲು ತೆಗೆದೆ. "ತೊಲಿ ನೋಡ್ರಿ," ಎಂದೆ. "ಈ ನೂಲ ಹಿಡದ ಅಳೀರಿ."

"ಎಲ್ಲಿಂದ ಎಲ್ಲಿತನಕ?" ಎಂದು ನಕ್ಕರು ಇವರು. ನಮ್ಮಲ್ಲಿ ನೇಯುವವರು ಹೆಂಗಸರು, ಮಾರುವವರು ಗಂಡಸರು. ಅದೇ ಪಡಸಾಲೆಯಲ್ಲಿ ಬೆಳೆದರೂ ಇವರಿಗೆ ಮಗ್ಗದ ತಲೆ ಯಾವುದು, ಕಾಲು ಯಾವುದು ಎಂಬುದು ತಿಳಿಯದು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜೀಪಿನೊಳಗಿನಿಂದ ಅತ್ತೆಯ ಕೈ ಚಾಚಿ ಬಂತು.

"ಇಲ್ಲಿ ಕೊಡು."

ಕೊಟ್ಟೆ. ಅತ್ತೆ ನೂಲನ್ನು ಬೆರಳಿನಲ್ಲಿ ಎಳೆದು ನೋಡಿದರು. ಗಂಟು ಸಿಕ್ಕಿತು. ಒಂದು ಕ್ಷಣ ನನ್ನ ಮುಖ ನೋಡಿದರು. ಅದು ಯಾತರ ಅಳತೆ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ. ಆ ಮಗ್ಗದ ಎತ್ತರ ಅವರ ಕೈಗೆ ನನಗಿಂತ ಚೆನ್ನಾಗಿ ಗೊತ್ತು. ನೂಲನ್ನು ಸೊಂಟದ ಚೀಲಕ್ಕೆ ಹಾಕಿಕೊಂಡರು. ಜೀಪು ಹೊರಟಿತು. ಹುಬ್ಬಳ್ಳಿಯಲ್ಲಿ ರೋಲರ್ ಇಳಿಸಿದ ಮೇಲೆ ಕಲಘಟಗಿಯವರೆಗೂ, ಅಲ್ಲಿಂದ ವಾಪಸು ಬರುವವರೆಗೂ ನನ್ನ ಜಾಗ ಖಾಲಿಯೇ ಇತ್ತೆಂದು ಆಮೇಲೆ ತಿಳಿಯಿತು. ನಾದಿನಿ ಅಲ್ಲಿ ಕಾಲು ಚಾಚಿದ್ದಳಂತೆ.

ಆ ದಿನ ನಾನೊಬ್ಬಳೇ ಹಲಗೆಯ ಮೇಲೆ ಕೂತೆ. ಎಡಗಡೆ ಖಾಲಿ. ಒಬ್ಬಳೇ ಕೂತರೆ ಹಲಗೆ ಸ್ವಲ್ಪ ಓಲುತ್ತದೆ ಎಂಬುದು ಅಂದೇ ಗೊತ್ತಾದದ್ದು. ಹಸಿರಿನ ಸಾಲಿಗೆ ಹಳದಿ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ತಪ್ಪಿದೆ. ಈಗ ಹುಬ್ಬಳ್ಳಿ ದಾಟಿರಬೇಕು, ಈಗ ಬೇಳೆ ಕುದಿಸುತ್ತಿರಬೇಕು, ಈಗ ಅತ್ತೆ ನೂಲು ತೆಗೆದಿರಬೇಕು. ದೇವರೇ, ಒಂದು ಮೊಳ ಎತ್ತರ ಜಾಸ್ತಿ ಇರಲಿ ಎಂದು ಬೇಡಿದೆ. ಇನ್ನೊಬ್ಬರ ಮನೆಯ ತೊಲೆಯನ್ನು ಎತ್ತರ ಮಾಡು ಎಂದು ದೇವರನ್ನು ಕೇಳಿದ ಹೆಂಗಸು ನಾನೊಬ್ಬಳೇ ಇರಬೇಕು.

ದೀಪ ಹಚ್ಚುವ ಮೊದಲೇ ಎಲ್ಲರೂ ಬಂದಿಳಿದರು, ಎಲ್ಲರೂ ಒಟ್ಟಿಗೇ ಮಾತಾಡುತ್ತ. ಕಾಕಾ ನೀರಿನ ಸುದ್ದಿ ಶುರು ಮಾಡಿದರು. "ಬ್ಯಾಳಿ ಇಡೂದ್ರೊಳಗ ಕರಗಿತ ನೋಡು ತಂಗಿ. ಅಂಥಾ ನೀರ ಕುಡದಿಲ್ಲ ನಾ. ಅಗದಿ ಸಕ್ರಿ." ನಾದಿನಿಗೆ ಹಿತ್ತಲಿನ ಪ್ಯಾರಲ ಗಿಡ ಹಿಡಿಸಿತ್ತು, ಸೆರಗಿನ ತುಂಬ ಸೀಬೆಕಾಯಿ ತಂದಿದ್ದಳು. ಗಾಡಿ ಬಾಗಿಲವರೆಗೆ ಹೋಗಿತ್ತು. ಕಚೇರಿಗೆ ನಡೆದೇ ಹೋಗಬಹುದಿತ್ತು. ಇವರು ಅಂಗಿಯ ಕಿಸೆಯಿಂದ ವಸ್ತ್ರದ ಸಣ್ಣ ಗಂಟು ತೆಗೆದು ಬಿಚ್ಚಿ ನನ್ನ ಅಂಗೈಗೆ ಸಕ್ಕರೆ ಹಾಕಿದರು. ನಮ್ಮ ಕಡೆ ಮಾತು ಮುಗಿಯುವುದು ಹೀಗೆ. ಮನೆಯ ಧಣಿ ಕೊಟ್ಟ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಆಯಿತು, ಆಮೇಲೆ ಬೇಡ ಎನ್ನುವಂತಿಲ್ಲ.

"ಎಲ್ಲಾರೂ ತಿಂದೇವಿ. ನಿಂದೊಂದ ಉಳಿದಿತ್ತು, ತಿನ್ನು," ಎಂದರು.

ಸಕ್ಕರೆ ಬಾಯಲ್ಲಿ ಇಟ್ಟುಕೊಂಡು ಅತ್ತೆಯ ಕಡೆ ನೋಡಿದೆ. ಅವರು ಕಾಲು ತೊಳೆದುಕೊಂಡು ಬಂದು, ಸೊಂಟದ ಚೀಲದಿಂದ ನೂಲು ತೆಗೆದು ನನ್ನ ಕೈಗಿಟ್ಟರು. ನನ್ನ ಗಂಟು ಹಾಗೇ ಇತ್ತು. ಅದಕ್ಕಿಂತ ಮೊದಲೇ, ಒಂದು ಮೊಳದಷ್ಟು ಹಿಂದೆ, ಇನ್ನೊಂದು ಗಂಟು ಬಿದ್ದಿತ್ತು. ಆ ಮನೆಯ ತೊಲೆ ನಮ್ಮ ಮಗ್ಗಕ್ಕಿಂತ ಒಂದು ಮೊಳ ಗಿಡ್ಡ.

"ಅಮ್ಮಾ ಏನೋ ಬಾಗಲದಾಗ ನಿಂತ ಅಳದ್ಲು. ನನಗ ಕೋಲ ಹಿಡಿ ಅಂದ್ಲು. ಏನಂತ ತಿಳೀಲಿಲ್ಲ," ಎಂದಳು ನಾದಿನಿ, ಕಾಯಿ ಕಚ್ಚುತ್ತ. ಅವಳಿಗೆ ತಿಳಿಯುವಂತೆ ಯಾರು ತಾನೆ ಹೇಳಿಕೊಟ್ಟಿದ್ದರು?

ಅತ್ತೆ ಹಲಗೆಯ ಎಡಕ್ಕೆ ಹೋಗಿ ಕೂತು, ನಾನು ಹಾಕಿದ್ದ ಹಳದಿ ಸಾಲನ್ನು ಬಿಚ್ಚತೊಡಗಿದರು.

ಸೋಮವಾರ ನಸುಕಿನಲ್ಲಿ ಇವರು ಚಹಾ ಕುಡಿಯುವಾಗ ಹೇಳಿ ನೋಡಿದೆ. "ತೊಲಿ ಗಿಡ್ಡ ಐತಂತ. ಮಗ್ಗ ನಿಂದ್ರೂದಿಲ್ಲ."

"ನೆಲಾ ಒಂದೀಟ ಅಗದ್ರ ಆತು."

"ಬಾಡಿಗಿ ಮನ್ಯಾಗ ಅಗ್ಯಾಕ ಬಿಡತಾರೇನ್ರಿ?"

"ಬಿಡೂದಿಲ್ಲ," ಎಂದು ಇವರೇ ಒಪ್ಪಿಕೊಂಡರು. ಬಸ್ಸಿಗೆ ಹೊತ್ತಾಗುತ್ತಿತ್ತು. "ಅಲ್ಲಿ ನೇಯೂದರ ಯಾಕ? ನನ್ನ ಪಗಾರ ಐತಿ. ಆರಾಮ ಇರು." ಪ್ರೀತಿಯಿಂದಲೇ ಹೇಳಿದರು. ಆರಾಮ ಇರು ಎಂದವರ ಜೊತೆ ಜಗಳ ಆಡುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗಲೂ ಆಗದು, ಉಗುಳಲೂ ಆಗದು.

ಮೈದುನನ ಮದುವೆ ಮುಗಿಯಿತು. ಹೊಸ ಸೊಸೆ ಬಂದಳು, ಕಣ್ಣು ಕೆಳಗೆ ಹಾಕಿಕೊಂಡ ಸಣ್ಣ ಹುಡುಗಿ. ನಾವು ಪಾತ್ರೆ ಪಡಗ ಕಟ್ಟಿಕೊಂಡು ಕಲಘಟಗಿಗೆ ಹೊರಟೆವು. ನಾನು ಅರ್ಧ ನೇಯ್ದ ಜಮಖಾನೆ ಮಗ್ಗದ ಮೇಲೇ ಉಳಿಯಿತು, ನವಿಲಿನ ಕಾಲು ಮೂಡಿತ್ತು, ಮೈ ಇನ್ನೂ ಬಾಕಿ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಲು ದಾರ ಬೇಕಾಗಿತ್ತು. ಎರಡು ಗಂಟಿನ ಆ ಕೆಂಪು ನೂಲನ್ನೇ ಸುತ್ತಿದೆ. ಬೇರೆ ಉಪಯೋಗ ಅದಕ್ಕೆ ಉಳಿದಿರಲಿಲ್ಲ.

ಹೊಸ ಮನೆಯ ಪಡಸಾಲೆಗೆ ಕಾಲಿಡುವಾಗ ತಲೆ ಬಗ್ಗಿಸಿದೆ. ಸೂರು ಅಷ್ಟು ಕೆಳಗೆ. ಒಳಗೆ ನಡುಮನೆಗೆ ಹೋಗಿ ಸಾಮಾನು ಇಳಿಸಿ ತಲೆ ಎತ್ತಿದೆ. ಎತ್ತಿದ ತಲೆ ಹಾಗೇ ನಿಂತಿತು.

ನಮ್ಮ ನವಲಗುಂದದ ಕಡೆ ಮಣ್ಣಿನ ಮಾಳಿಗೆಯ ಮನೆಗಳು. ಮೇಲೆ ಕಾಳು ಒಣಗಿಸುವಷ್ಟು ಸಪಾಟು. ಒಳಗೆ ಬಾಗಿಲಲ್ಲಿ ಅಳೆದರೂ ಒಂದೇ, ದೇವರ ಗೂಡಿನ ಮುಂದೆ ಅಳೆದರೂ ಒಂದೇ. ಕಲಘಟಗಿ ಮಳೆಯ ಕಡೆಯ ಊರು, ಅಲ್ಲಿ ಹೆಂಚಿನ ಮನೆ. ಮಾಡು ಸೂರಿನ ಹತ್ತಿರ ತಗ್ಗಿ, ನಡುವೆ ಏರುತ್ತದೆ. ಹಿತ್ತಲಲ್ಲಿ ಪ್ಯಾರಲ ಕಾಯಿ ಕೀಳುವ ಗಳು ಇತ್ತು. ಭರಣಿಯಿಂದ ನೂಲು ಬಿಚ್ಚಿ ಗಳುವಿನ ತುದಿಗೆ ಕಟ್ಟಿ, ನಡುಮನೆಯ ಅಡ್ಡ ತೊಲೆಗೆ ಮುಟ್ಟಿಸಿದೆ. ನನ್ನ ಗಂಟು ನೆಲ ಮುಟ್ಟಲೇ ಇಲ್ಲ. ಒಂದು ಗೇಣು ಮೇಲೆ ತೂಗಾಡುತ್ತಿತ್ತು. ಮಗ್ಗ ನಿಲ್ಲಿಸಿ, ಹಗ್ಗ ಬಿಗಿದು, ಇನ್ನೂ ಜಾಗ ಉಳಿಯುತ್ತಿತ್ತು. ಆಮೇಲೆ ಪಡಸಾಲೆಯ ಬಾಗಿಲಿಗೆ ಬಂದು ಸೂರಿನ ಕೆಳಗೆ ಹಿಡಿದೆ. ಅತ್ತೆಯ ಗಂಟು ಸರಿಯಾಗಿ ನೆಲಕ್ಕೆ ಕೂತಿತು.

ನಾನು ಆ ಬಾಗಿಲಲ್ಲೇ ಕೂತು ನಕ್ಕೆ. ಪಾಪ ಅತ್ತೆ, ಬಯಲುಸೀಮೆಯ ಮುದುಕಿ, ಸಪಾಟು ಮಾಳಿಗೆ ಬಿಟ್ಟು ಬೇರೆ ಕಂಡವರಲ್ಲ, ಬಾಗಿಲಲ್ಲಿ ಅಳೆದು ಮನೆಯೆಲ್ಲ ಅಷ್ಟೇ ಎಂದುಕೊಂಡರು. ಅವರೆಲ್ಲರೂ ಅಷ್ಟೇ, ನೀರು ಕುದಿಸಿ ನೋಡಿದರು, ತಲೆ ಎತ್ತಿ ನೋಡಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಹೇಳಿದರಾಯಿತು, ಅತ್ತೆಯೂ ನಗುತ್ತಾರೆ, ಬರುವಾಗ ಮಗ್ಗ ಬಿಚ್ಚಿ ತಂದರಾಯಿತು. ಅಷ್ಟು ದಿನವೂ ಆ ನಗು ನನ್ನ ಜೊತೆ ಇತ್ತು. ನಡುಮನೆಯಲ್ಲಿ ಮಗ್ಗ ಯಾವ ಗೋಡೆಗೆ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂದು ಗೊತ್ತು ಮಾಡಿ, ಆ ಜಾಗದಲ್ಲಿ ಬೇರೆ ಸಾಮಾನು ಇಡದೆ ಕಾದೆ.

ರಮಜಾನ್ ಹಬ್ಬಕ್ಕೆ ಹೋದೆವು. ಬೀದಿಯ ತಿರುವಿನಲ್ಲೇ ಪಂಜಾದ ಸದ್ದು ಕೇಳಿಸಿತು, ಎರಡು ಕೈಗಳದು. ಒಳಗೆ ಹೋದರೆ ಹಲಗೆಯ ಎಡಕ್ಕೆ ಅತ್ತೆ, ಬಲಕ್ಕೆ ಹೊಸ ಸೊಸೆ. ನನ್ನ ಜಮಖಾನೆ ಮುಗಿದು ಯಾರಿಗೋ ಹೋಗಿತ್ತು, ಮಗ್ಗದ ಮೇಲೆ ಬೇರೆ ಹಾಸು ಏರಿತ್ತು. ನಾದಿನಿಯೂ ಹಬ್ಬಕ್ಕೆ ಬಂದು, ಎಂದಿನಂತೆ ಮಗ್ಗಕ್ಕೆ ಬೆನ್ನು ಹಾಕಿ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು.

ನಾನು ಅತ್ತೆಯ ಬಾಜೂ ನೆಲಕ್ಕೆ ಕೂತು ನೂಲನ್ನು ಅವರ ಮಡಿಲಲ್ಲಿ ಇಟ್ಟೆ.

"ಅಮ್ಮಾ, ಅಲ್ಲಿ ಮಗ್ಗ ನಿಂದರತೈತ್ರಿ. ನೀವ ಬಾಗಲದಾಗ ಅಳದೀರಿ. ಅಲ್ಲಿ ಮನಿ ನಮ್ಮ ಮನೀ ಹಂಗಲ್ಲ, ನಡಕ ಎತ್ತರ ಇರತಾವ."

ಅತ್ತೆ ಬಡಿಯುವುದನ್ನು ನಿಲ್ಲಿಸಿದರು. ನಗಲಿಲ್ಲ.

"ನಡುಮನಿಯೊಳಗ ನೀವ ಹೋಗಿರಲಿಲ್ಲೇನ್ರಿ?" ಎಂದು ಕೇಳಿದೆ. ಹೋಗಿರಲಿಲ್ಲ ಎನ್ನಲಿ ಎಂದು ನನ್ನ ಜೀವ ಹಾರುತ್ತಿತ್ತು.

"ಹೋಗಿದ್ದೆ," ಎಂದರು.

ಹೊಸ ಸೊಸೆ ನಮ್ಮಿಬ್ಬರ ಮುಖ ನೋಡಿ ಕಣ್ಣು ಕೆಳಗೆ ಹಾಕಿದಳು. ನನಗೆ ಸಿಟ್ಟು ಬಂತು. ಆದರೆ ಅತ್ತೆಯ ಮುಖದಲ್ಲಿ ಕಳ್ಳತನವಿರಲಿಲ್ಲ. ಹುಷಾರಿಲ್ಲದವರು ಎದ್ದು ಕೂತಂತೆ ಕೂತಿದ್ದರು.

"ಹೊಟ್ಟ್ಯಾಗ ಹುಟ್ಟಿದಾಕಿಗೆ ಕಲಿಸಲಿಲ್ಲ ನಾ, ಹೋಗತಾಳಂತ," ಎಂದರು ಮೆಲ್ಲಗೆ. "ನೀ ಇರತಿ ಅಂತ ನಿನಗ ಕಲಿಸಿದೆ."

ನಮ್ಮ ಹಿಂದೆ ಮೊರ ಆಡುವ ಸದ್ದು ನಿಂತಿತು. ನಾದಿನಿ ತಿರುಗಲಿಲ್ಲ. ಅವಳ ಬೆನ್ನನ್ನು ನಾನು ಎಷ್ಟೋ ವರ್ಷಗಳಿಂದ ನೋಡಿದ್ದೆ, ಆ ದಿನ ಮಾತ್ರ ನೋಡಲಾಗಲಿಲ್ಲ. ನಾನು ಕಳಕೊಂಡದ್ದು ಒಂದು ಮಗ್ಗ. ಅವಳಿಗೆ ಏನನ್ನೂ ಕೊಟ್ಟಿರಲೇ ಇಲ್ಲ, ಅದೂ ನನಗೆ ಕೊಡುವುದಕ್ಕಾಗಿ. ಸ್ವಲ್ಪ ಹೊತ್ತಿಗೆ ಮೊರ ಮತ್ತೆ ಆಡತೊಡಗಿತು.

"ಅಮ್ಮಾ, ಕೆಂಪು ಮುಗೀತ್ರಿ," ಎಂದಳು ಹೊಸ ಸೊಸೆ.

ಅತ್ತೆ ಮಡಿಲಲ್ಲಿದ್ದ ನೂಲನ್ನು ತೆಗೆದುಕೊಂಡರು. ಮೊದಲು ತಾವು ಹಾಕಿದ್ದ ಗಂಟನ್ನು ಉಗುರಿನಿಂದ ಬಿಡಿಸಿದರು. ನನ್ನ ಗಂಟು ಭರಣಿಯ ಎಣ್ಣೆ ಕುಡಿದು ಬಿಗಿದಿತ್ತು, ಅದನ್ನು ಹಲ್ಲಿಂದ ಬಿಡಿಸಬೇಕಾಯಿತು. ಎಳೆದು ನೇರ ಮಾಡಿ ಅವಳ ಕೈಗೆ ಕೊಟ್ಟರು. ಆ ಹುಡುಗಿ ಅದನ್ನು ಸಾಲಿನಲ್ಲಿ ತೂರಿಸಿ ಪಂಜಾ ಎತ್ತಿ ಬಡಿದಳು. ಅವಳು ಅಂಚು ಸ್ವಲ್ಪ ಸಡಿಲ ಬಿಟ್ಟಿದ್ದಳು. ನಾನು ಕೈ ಚಾಚಿ, ಹೀಗಲ್ಲ ಎಂದು, ಬಿಗಿ ಮಾಡಿ ತೋರಿಸಿದೆ.